ಗ್ರಂಥಪಾಲಕರನ್ನು ಮೊದಲೇ ಕರೆಯುವುದು ಲೇಸು

ಸಂಶೋಧನ ವಿಷಯವನ್ನು ಹಂಚಿದ ಮೇಲಷ್ಟೇ ವಿದ್ಯಾರ್ಥಿಗಳನ್ನು ಗ್ರಂಥಾಲಯಕ್ಕೆ ಕಳುಹಿಸುವುದು ಹಲವು ವಿಭಾಗಗಳ ರೂಢಿಯಾಗಿದ್ದರೂ, ವಿಷಯವನ್ನು ಗೊತ್ತುಪಡಿಸುವ ಹಂತದಲ್ಲಿಯೇ ಅಧ್ಯಾಪಕರು ಗ್ರಂಥಪಾಲಕರೊಡನೆ ಕುಳಿತು ಚರ್ಚಿಸುವುದು ಲೇಸು. ಯಾವ ವಿಷಯಕ್ಕೆ ಯಾವ ಆಕರಗಳು ಎಲ್ಲಿ ದೊರೆಯುತ್ತವೆ, ಯಾವುದಕ್ಕೆ ದೊರೆಯುವುದೇ ಇಲ್ಲ ಎಂಬುದು ಅವರಿಗೆ ಚೆನ್ನಾಗಿ ತಿಳಿದಿರುತ್ತದೆ.

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಿರ್ವಹಿಸುವ ಶೋಧಗಂಗಾ, ಅಂದರೆ ಭಾರತೀಯ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಮಹಾಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದಾದ ಅಂತರ್ಜಾಲ ಭಂಡಾರವು, ಆಕರಗಳನ್ನು ಹುಡುಕುವುದನ್ನು ಕಲಿಯಲು ಒಳ್ಳೆಯ ಪಾಠಶಾಲೆ. ವಚನಗಳ ಬಗ್ಗೆ ಕನ್ನಡ ಲಿಪಿಯಲ್ಲಿ ಹುಡುಕಿದಾಗ ದೊರೆಯುವ ಪ್ರಬಂಧಗಳು ರೋಮನ್ ಲಿಪಿಯಲ್ಲಿ ಹುಡುಕಿದಾಗ ದೊರೆಯದೆ ಹೋಗಬಹುದು. ಒಂದೇ ಹೆಸರನ್ನು ರೋಮನ್‌ನಲ್ಲಿ ಬರೆಯುವ ರೀತಿಗಳೂ ಹಲವು. ಇಂತಹ ತೊಡಕನ್ನು ಗ್ರಂಥಪಾಲಕರು ತರಗತಿಯಲ್ಲಿಯೇ ಪರದೆಯ ಮೇಲೆ ತೋರಿಸಿದರೆ, ಹುಡುಕುಪದಗಳ ಆಯ್ಕೆಯೂ ಸಂಶೋಧನೆಯ ಭಾಗವೆಂಬುದು ವಿದ್ಯಾರ್ಥಿಗೆ ಮನದಟ್ಟಾಗುತ್ತದೆ.

ಕೃತಿಚೌರ್ಯದ, ಅಂದರೆ ಪರರ ಬರಹವನ್ನು ತನ್ನದೆಂದು ಒಪ್ಪಿಸುವುದರ, ತಪಾಸಣೆಯ ವಿಷಯವೂ ಹೀಗೆಯೇ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಶೇ. 10ರವರೆಗಿನ ಸಾಮ್ಯಕ್ಕೆ ದಂಡ ವಿಧಿಸುವುದಿಲ್ಲವಾದ್ದರಿಂದ, ಪದಗಳನ್ನು ಅದಲುಬದಲು ಮಾಡಿ ಆ ಅಂಕಿಯೊಳಗೆ ನುಸುಳುವ ಜಾಣತನವೇ ಕೆಲವೆಡೆ ಸಂಶೋಧನ ಕೌಶಲವೆನಿಸಿಕೊಂಡಿದೆ. ತಪಾಸಣಾ ವರದಿಯನ್ನು ಕೊನೆಯ ಗಳಿಗೆಗೆ ಬಿಡದೆ ಕರಡಿನ ಹಂತದಲ್ಲಿಯೇ ತರಿಸಿಕೊಂಡು, ಎಲ್ಲಿ ಉಲ್ಲೇಖ ಬೇಕಿತ್ತು, ಎಲ್ಲಿ ಸ್ವಂತ ವಿಶ್ಲೇಷಣೆ ಬೇಕಿತ್ತು ಎಂಬುದನ್ನು ಗ್ರಂಥಪಾಲಕರೂ ಮಾರ್ಗದರ್ಶಕರೂ ಕೂಡಿ ವಿವರಿಸಬೇಕು. ಗ್ರಂಥಪಾಲಕರಿಗೆ ತರಗತಿ ಒಪ್ಪಿಸಿದ ದಿನ ಅಧ್ಯಾಪಕರು ರಜೆ ಹಾಕದಿರುವುದೂ ಅಷ್ಟೇ ಮುಖ್ಯ. ಅವರಿಲ್ಲದ ಪಾಠಕ್ಕೆ ಅಂಕಗಳಿಲ್ಲವೆಂದು ವಿದ್ಯಾರ್ಥಿಗಳು ಬೇಗನೆ ಊಹಿಸುತ್ತಾರೆ.