ಕತ್ತು ನೋವೂ ಸೈಕಲ್ ಸವಾರಿಯೂ

ನಮ್ಮ ಪೀಳಿಗೆಯ ಬಹಳಷ್ಟು ಮಂದಿ ಸೈಕಲ್ ಕಲಿತದ್ದು ಊರಿನ ಬಾಡಿಗೆ ಸೈಕಲ್ ಅಂಗಡಿಯ ದಯೆಯಿಂದ. ಚಿಲ್ಲರೆ ಕಾಸು ಕೊಟ್ಟು, ಸೀಟು ಎಟುಕದೆ ಒಳಪೆಡಲ್ ಹೊಡೆಯುತ್ತ, ಮೊಣಕಾಲು ತರಚಿಸಿಕೊಂಡು ಕಲಿತವರು ನಾವು. ಇಂಗ್ಲೆಂಡಿಗೆ ಬಂದು ಎಷ್ಟೋ ವರ್ಷಗಳ ಮೇಲೆ, ಐವತ್ತು ದಾಟಿದ ವಯಸ್ಸಿನಲ್ಲಿ, ನನಗೆ ಮತ್ತೆ ಆ ಹುಚ್ಚು ಹಿಡಿಯಿತು. ಲಂಡನ್‌ನಿಂದ ಬ್ರೈಟನ್‌ಗೆ 54 ಮೈಲಿಯ ಸಹಾಯಾರ್ಥ ಸವಾರಿಗೆ ಹೆಸರು ಕೊಟ್ಟು, ಬಗ್ಗಿ ಓಡಿಸುವ ರೋಡ್ ಬೈಕ್ ಕೊಂಡೆ. ವಾರವೆಲ್ಲ ಕಂಪ್ಯೂಟರಿನ ಮುಂದೆ, ಶನಿವಾರ ಭಾನುವಾರ ಹ್ಯಾಂಡಲ್ ಮೇಲೆ.

ಆರನೆಯ ವಾರ ಕತ್ತಿನ ಬಲಗಡೆ ಶುರುವಾದ ನೋವು ಭುಜ ದಾಟಿ ನಡುಬೆರಳಿಗೆ ಇಳಿಯಿತು, ಜೋಮೂ ಹಿಡಿಯಿತು. ಮೂರು ವಾರ ಯಾರಿಗೂ ಹೇಳಲಿಲ್ಲ. ಒಂದು ಭಾನುವಾರ ರೌಂಡ್‌ಅಬೌಟ್ ಬಳಿ ಹಿಂದೆ ನೋಡಲು ಹೋದರೆ ಕತ್ತು ತಿರುಗಲೇ ಇಲ್ಲ. ಕಾರೊಂದು ಮೊಣಕೈ ಸವರಿಕೊಂಡೇ ಹೋಯಿತು. ಮನೆಗೆ ಬಂದು ಕೈ ನಡುಗುತ್ತ ಕುಳಿತಾಗ, "ಇನ್ನು ಸಾಕು, ಆ ಸೈಕಲ್ ಮಾರಿಬಿಡಿ" ಎಂದರು ನನ್ನ ಹೆಂಡತಿ. ಆದರೆ ಫಿಸಿಯೋಥೆರಪಿಸ್ಟ್ ಹೇಳಿದ್ದೇ ಬೇರೆ: "ಕೆಲವು ವಾರ ರಸ್ತೆ ಬೇಡ, ಆದರೆ ಸವಾರಿ ಬಿಡಬೇಡಿ. ಸೈಕಲ್ಲಿಗೆ ನೀವು ಹೊಂದಿಕೊಳ್ಳುವುದಲ್ಲ, ಸೈಕಲ್ಲನ್ನು ನಿಮಗೆ ಹೊಂದಿಸಬೇಕು." ಆಗ ಕಲಿತ ಪಾಠವನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

ನೋವು ಏಕೆ ಬರುತ್ತದೆ?

ನಮ್ಮ ತಲೆಯ ತೂಕ ಸುಮಾರು 5 ಕಿಲೋ. ಅದನ್ನು ಹೊರುವುದು ಕತ್ತಿನ 7 ಮೂಳೆಮಣಿಗಳು. ಭುಜಕ್ಕೂ ಕೈಗೂ ಹೋಗುವ ನರಗಳು ಇವುಗಳ ಮಧ್ಯದ ಕಿಂಡಿಗಳಿಂದಲೇ ಹೊರಬರುತ್ತವೆ. ಮುಂದಕ್ಕೆ ಬಗ್ಗಿ ಕುಳಿತಾಗ ರಸ್ತೆ ಕಾಣಬೇಕೆಂದರೆ ತಲೆಯನ್ನು ಹಿಂದಕ್ಕೆ ಎತ್ತಲೇಬೇಕು. ಹಾಗೆ ಎತ್ತಿದಾಗ ಆ ಕಿಂಡಿಗಳು ಕಿರಿದಾಗುತ್ತವೆ. ಡಿಸ್ಕ್ ಉಬ್ಬಿದ್ದರೆ ಅಥವಾ ವಯಸ್ಸಿನ ಸವೆತವಿದ್ದರೆ ನರ ಕೆರಳಿ, ನೋವು ಕೈಯವರೆಗೆ ಹರಿಯುತ್ತದೆ. ಇದರ ಜೊತೆಗೆ ಮೊಣಕೈ ನೆಟ್ಟಗೆ ಮಾಡಿ ಹ್ಯಾಂಡಲ್ ಬಿಗಿಹಿಡಿದರೆ ರಸ್ತೆಯ ಪ್ರತಿ ಕುಲುಕೂ ನೇರ ಭುಜಕ್ಕೆ ಬಡಿಯುತ್ತದೆ.

ಸಮಾಧಾನದ ಮಾತೆಂದರೆ, ಇಂಥ ನರದ ನೋವು ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆಯಿಲ್ಲದೆಯೇ ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಇಳಿಯುತ್ತದೆ.

ಮೊದಲು ಎಚ್ಚರಿಕೆ

ಕೈಯ ಬಲ ಕುಂದುತ್ತಿದ್ದರೆ, ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ಓಲಾಡಿದರೆ, ಮಲಮೂತ್ರದ ಹಿಡಿತ ತಪ್ಪಿದರೆ ಅಥವಾ ಬಿದ್ದ ಮೇಲೆ ಕತ್ತು ನೋವು ಬಂದಿದ್ದರೆ ಸೈಕಲ್ ಮಾತು ಬಿಟ್ಟು ತಕ್ಷಣ ವೈದ್ಯರನ್ನು ಕಾಣಿ. ಎಡಭುಜದ ನೋವಿನೊಡನೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಹೃದಯದ್ದಿರಬಹುದು. ಕಾಯದೆ 999ಕ್ಕೆ ಫೋನ್ ಮಾಡಿ. ನೋವಿಗೆ ಕೊಟ್ಟ ಮಾತ್ರೆಯಿಂದ ಮಂಪರು ಬರುತ್ತಿದ್ದರೂ ರಸ್ತೆಗೆ ಇಳಿಯಬಾರದು. ಸಕ್ಕರೆ ಕಾಯಿಲೆ ಇರುವವರಲ್ಲಿ ಭುಜ ಬಿಗಿದುಕೊಳ್ಳುವ 'ಫ್ರೋಜನ್ ಶೋಲ್ಡರ್' ಹೆಚ್ಚು. ಕೈ ಮೇಲೆತ್ತಲು ಆಗದಿದ್ದರೆ ತೋರಿಸಿಕೊಳ್ಳಿ. ಇಂಗ್ಲೆಂಡಿನ ಅನೇಕ ಕಡೆ ಜಿ.ಪಿ.ಯವರ ಚೀಟಿ ಇಲ್ಲದೆಯೂ ಎನ್‌ಎಚ್‌ಎಸ್ ಫಿಸಿಯೋಥೆರಪಿಗೆ ನಾವೇ ಹೆಸರು ಕೊಡಬಹುದು.

ಸೈಕಲ್ಲಿನಲ್ಲಿ ಮಾಡಬೇಕಾದ ಬದಲಾವಣೆ

1. ಹ್ಯಾಂಡಲ್ ಸೀಟಿನ ಮಟ್ಟಕ್ಕೆ, ಸಾಧ್ಯವಾದರೆ ಒಂದೆರಡು ಇಂಚು ಮೇಲಕ್ಕೆ ಬರಲಿ. ನಮ್ಮ ಊರಿನ ಹಳೆಯ ಸೈಕಲ್ಲಿನಲ್ಲಿ ಅಪ್ಪಂದಿರು ನೆಟ್ಟಗೆ ಕೂತು ಹೋಗುತ್ತಿದ್ದರಲ್ಲ, ಕತ್ತಿಗೆ ಬೇಕಾದದ್ದು ಅದೇ ಭಂಗಿ!

2. ಹ್ಯಾಂಡಲ್ ದೂರವಾಯಿತೆನಿಸಿದರೆ ಅದನ್ನು ಹಿಡಿದಿರುವ 'ಸ್ಟೆಮ್' ಎಂಬ ತುಂಡನ್ನು ಗಿಡ್ಡದ್ದಕ್ಕೆ ಬದಲಿಸಿ. ಮೊಣಕೈ ಸ್ವಲ್ಪ ಮಡಿಚಿಯೇ ಇರಬೇಕು.

3. ಸೀಟಿನ ಮೂತಿ ಕೆಳಗೆ ವಾಲಿರಬಾರದು. ವಾಲಿದರೆ ಮೈ ಮುಂದೆ ಜಾರಿ ಭಾರವೆಲ್ಲ ಕೈಗೆ ಬೀಳುತ್ತದೆ.

4. ಸ್ವಲ್ಪ ಅಗಲವಾದ ಟೈರು ಹಾಕಿ, ಟೈರಿನ ಮೇಲೆ ಬರೆದಿರುವ ಮಿತಿಯೊಳಗೆ ಗಾಳಿ ಕಡಿಮೆ ಇಡಿ. ಕುಲುಕು ತಗ್ಗುತ್ತದೆ.

5. ಬೆನ್ನಿನ ಚೀಲ ಕ್ಯಾರಿಯರ್‌ಗೆ ಹೋಗಲಿ. ಹೆಲ್ಮೆಟ್ಟಿನ ಮುಂಚಾಚು ನೋಟಕ್ಕೆ ಅಡ್ಡ ಬಂದರೆ ತೆಗೆಯಿರಿ, ಇಲ್ಲದಿದ್ದರೆ ತಲೆ ಇನ್ನಷ್ಟು ಎತ್ತಬೇಕಾಗುತ್ತದೆ.

6. ಕನ್ನಡಿ ಹಾಕಿಸಿ. ಆದರೆ ಕತ್ತು ತಿರುಗದಿರುವಾಗ ಕನ್ನಡಿಯನ್ನೇ ನಂಬಿ ರಸ್ತೆಗೆ ಹೋಗಬೇಡಿ.

ಮೆಟ್ಟಿಲು ಮೆಟ್ಟಿಲಾಗಿ

ಮೊದಲ ಮೆಟ್ಟಿಲು ಮನೆಯೊಳಗೆ. ಜಿಮ್ಮಿನ ನಿಂತ ಸೈಕಲ್ಲಿನಲ್ಲಿ ನೆಟ್ಟಗೆ ಕುಳಿತು, ಗೇರು ಹಗುರವಾಗಿಟ್ಟು, ದಿನ ಬಿಟ್ಟು ದಿನ 10 ನಿಮಿಷ. ಅದು ಒಗ್ಗಿದ ಮೇಲೆ 20 ನಿಮಿಷ. ಎರಡೂ ಕಡೆ ಕತ್ತು ಆರಾಮವಾಗಿ ತಿರುಗಿ, ಎರಡೂ ಕೈ ಬ್ರೇಕ್ ಗಟ್ಟಿಯಾಗಿ ಹಿಡಿಯುವಂತಾದಾಗ ವಾಹನಗಳಿಲ್ಲದ ಸಮತಟ್ಟಾದ ದಾರಿ. ಏರು, ದೂರ, ವೇಗ ಮೂರನ್ನೂ ಒಟ್ಟಿಗೆ ಹೆಚ್ಚಿಸಬಾರದು.

ನೋವಿಗೆ ಸೊನ್ನೆಯಿಂದ ಹತ್ತರವರೆಗೆ ನೀವೇ ಅಂಕ ಕೊಡಿ. ಮೂರರೊಳಗಿದ್ದು, ಮರುದಿನ ಬೆಳಿಗ್ಗೆಗೆ ಮೊದಲಿನಂತಾದರೆ ಮುಂದುವರಿಯಿರಿ. ಹೆಚ್ಚಾದರೆ ಅಥವಾ ಜೋಮು ಕೆಳಕೆಳಗೆ ಇಳಿದರೆ ಒಂದು ಮೆಟ್ಟಿಲು ಹಿಂದಕ್ಕೆ. ಸವಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಕೈ ಹಿಡಿತ ಬದಲಿಸಿ, ಭುಜ ಕಿವಿಯ ಹತ್ತಿರಕ್ಕೆ ಏರಿದ್ದರೆ ಇಳಿಬಿಡಿ.

ದಿನಕ್ಕೆ ಎರಡು ಸಲ ಎರಡು ಸಣ್ಣ ವ್ಯಾಯಾಮ: ತಲೆ ಎತ್ತದೆ ತಗ್ಗಿಸದೆ ಗಲ್ಲವನ್ನು ನೇರ ಹಿಂದಕ್ಕೆ ಸರಿಸುವುದು, ಬೆನ್ನಿನ ಎರಡು ಹೆಗಲ ಮೂಳೆಗಳನ್ನು ಹತ್ತಿರ ತಂದು ಬಿಡುವುದು. ಹತ್ತು ಹತ್ತು ಸಲ ಸಾಕು. ನೋವು ಕೈಗೆ ಇಳಿದರೆ ನಿಲ್ಲಿಸಿ, ಫಿಸಿಯೋಥೆರಪಿಸ್ಟರನ್ನು ಕೇಳಿ.

ಆ ವರ್ಷದ ಬ್ರೈಟನ್ ಸವಾರಿ ನನಗೆ ತಪ್ಪಿತು. ಹೆಸರು ಹಿಂತೆಗೆದ ದಿನ ಬೇಸರವಾದದ್ದು ನಿಜ. ಮರುವರ್ಷ ಹೋದೆ. ಹ್ಯಾಂಡಲ್ ಎತ್ತರಿಸಿದ ನನ್ನ ಸೈಕಲ್ ನೋಡಿ ಹುಡುಗರು "ಅಂಕಲ್, ಪೋಸ್ಟ್‌ಮ್ಯಾನ್ ಸೈಕಲ್ಲಾ?" ಎಂದು ನಕ್ಕರು. ಕೊನೆಯ ದೊಡ್ಡ ಏರಾದ ಡಿಚ್ಲಿಂಗ್ ಬೀಕನ್ ಅನ್ನು ತಳ್ಳಿಕೊಂಡೇ ಹತ್ತಿದೆ. ಮೇಲೆ ನಿಂತು, ಎಡಕ್ಕೂ ಬಲಕ್ಕೂ ಕತ್ತು ತಿರುಗಿಸಿ ದೂರದ ಸಮುದ್ರ ನೋಡಿದೆ. ಸೈಕಲ್ ಮಾರಿಬಿಡಿ ಎಂದಿದ್ದ ನನ್ನಾಕೆ ಬ್ರೈಟನ್ ದಡದಲ್ಲಿ ಫ್ಲಾಸ್ಕಿನಲ್ಲಿ ಕಾಫಿ ಹಿಡಿದು ಕಾದಿದ್ದರು.