ಉತ್ತರ ಮೊದಲ ಸಾಲಿನಲ್ಲಿ: ಅಂತರ್ಜಾಲದ ಓದುಗರಿಗಾಗಿ ಬರೆಯುವ ಅಭ್ಯಾಸ ಪಾಠ

ತರಗತಿ: 9
ವಿಷಯ: ನಮ್ಮ ತಾಲ್ಲೂಕುಗಳ ನೀರು
ಉದ್ದೇಶ: ಮೊಬೈಲಿನಲ್ಲಿ ಓದುವವರಿಗೆ ತಿಳಿಯುವಂತೆ ವಿಜ್ಞಾನದ ಮಾಹಿತಿ ಬರೆಯುವುದು

ಈ ಪಾಠವನ್ನು ನಾನು ಎರಡು ಸಲ ಮಾಡಬೇಕಾಯಿತು. ಮೊದಲ ಸಲ ಮಾದರಿ ಬರಹವನ್ನು ನಾನೇ ಸಿದ್ಧಪಡಿಸಿದ್ದೆ. ಬಿ.ಎಸ್ಸಿ.ಯಲ್ಲಿ ಪ್ರಯೋಗದ ವರದಿ ಬರೆದು ರೂಢಿ: ಉದ್ದೇಶ, ಸಲಕರಣೆ, ವಿಧಾನ, ಕೊನೆಗೆ ನಿರ್ಣಯ. ಅದೇ ಕ್ರಮದಲ್ಲಿ ನೀರಿನ ಮಹತ್ವದಿಂದ ಆರಂಭಿಸಿ, ನದಿಗಳ ವಿವರವನ್ನು ಐದನೆಯ ಪ್ಯಾರಾಕ್ಕೆ ತಂದಿದ್ದೆ. ಮೊಬೈಲಿನಲ್ಲಿ ಅದನ್ನು ಓದಿದ ವಿದ್ಯಾರ್ಥಿನಿ ಕೇಳಿದಳು: "ಸರ, ಅಮರ್ಜಾ ಹೊಳಿ ಎಲ್ಲಿ ಕೂಡ್ತದ ಅಂತ ಇದರಾಗ ಎಲ್ಲಿ ಬರ್ದೀರಿ?" ಉತ್ತರ ಬರಹದಲ್ಲಿತ್ತು, ಅವಳು ಅಲ್ಲಿಯವರೆಗೆ ಬಂದಿರಲಿಲ್ಲ. ತಪ್ಪು ಅವಳದಲ್ಲ, ನನ್ನದು.

ಪರದೆಯ ಮೇಲೆ ಜನ ಕಣ್ಣಾಡಿಸುತ್ತಾರೆ. ಜೇಕಬ್ ನೀಲ್ಸನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಓದುಗರಲ್ಲಿ ಶೇ. 79ರಷ್ಟು ಮಂದಿ ಹೊಸ ಪುಟದ ಮೇಲೆ ಕಣ್ಣಾಡಿಸಿದ್ದರು. ಪದಪದ ಓದಿದವರು ಶೇ. 16 ಮಾತ್ರ.

ಎರಡನೆಯ ಸಲದ ಬೋಧನಾ ಹಂತಗಳು:

1. ಉತ್ತರ ಮೊದಲು. ಮಕ್ಕಳು ತಿದ್ದಿದ ಆರಂಭ ಹೀಗಿತ್ತು: "ಆಳಂದ ತಾಲ್ಲೂಕಿನಲ್ಲಿ ಹರಿದು ಬರುವ ಅಮರ್ಜಾ, ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮಾ ನದಿಯನ್ನು ಸೇರುತ್ತದೆ. ಭೀಮಾ ಮುಂದೆ ಜೇವರ್ಗಿ ತಾಲ್ಲೂಕಿನತ್ತ ಹರಿಯುತ್ತದೆ."

2. ಒಂದು ಪ್ಯಾರಾಕ್ಕೆ ಒಂದೇ ವಿಚಾರ. "ಪೀಠಿಕೆ" ಎಂಬ ಶೀರ್ಷಿಕೆ ಏನನ್ನೂ ತಿಳಿಸದು, "ಅಮರ್ಜಾ ಎಲ್ಲಿ ಸೇರುತ್ತದೆ?" ಎಂಬುದು ತಿಳಿಸುತ್ತದೆ.

3. ಜನ ಹುಡುಕುವ ಪದ. ಗುಲ್ಬರ್ಗಾ ಎಂಬ ಹೆಸರು 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆಯಿತು. ಆದರೂ ಹಳೆಯ ಹೆಸರಿನಿಂದ ಹುಡುಕುವವರಿದ್ದಾರೆ. ಜೇವರ್ಗಿ, ಜೇವರಗಿ ಎಂದು ಎರಡು ರೂಪಗಳೂ ಬಳಕೆಯಲ್ಲಿವೆ. ಒಂದನ್ನು ಉದ್ದಕ್ಕೂ ಬಳಸಿ, ಇನ್ನೊಂದನ್ನು ಒಮ್ಮೆ ಹೇಳಿದರೆ ಸಾಕು.

4. ಯೂನಿಕೋಡ್‌ನಲ್ಲಿ ಬೆರಳಚ್ಚು. ಹಾಳೆಯ ಫೋಟೊ ಹಾಕಿದರೆ ಅದರಲ್ಲಿನ ಮಾತು ಹುಡುಕಾಟಕ್ಕೆ ಸಿಗುವುದು ಕಷ್ಟ; ದೃಷ್ಟಿದೋಷ ಉಳ್ಳವರಿಗೆ ಓದಿ ಹೇಳುವ ತಂತ್ರಾಂಶಕ್ಕೂ ತೊಡಕು. ಹಳೆಯ ಫಾಂಟ್‌ಗಳಲ್ಲಿ ಬರೆದದ್ದು, ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತದೆ.

5. ಕೊಂಡಿಗೆ ಹೆಸರು. "ಇಲ್ಲಿ ಒತ್ತಿ" ಎನ್ನುವ ಬದಲು "ಭೀಮಾ ನದಿಯ ನಕ್ಷೆ" ಎಂದು ಬರೆಯುವುದು.

ಮೌಲ್ಯಮಾಪನ: ಮಕ್ಕಳು ಬರಹಗಳನ್ನು ಅದಲುಬದಲು ಮಾಡಿಕೊಂಡರು. ಗೆಳೆಯನ ಬರಹದಲ್ಲಿ ಮೂರು ಪ್ರಶ್ನೆಗಳಿಗೆ ಅರ್ಧ ನಿಮಿಷದಲ್ಲಿ ಉತ್ತರ ಹುಡುಕಬೇಕು. ಸಿಗದಿದ್ದರೆ ತಿದ್ದಬೇಕಾದವರು ಬರೆದವರು, ಓದಿದವರಲ್ಲ.

ಆತ್ಮಾವಲೋಕನ: ಒಬ್ಬ ಹುಡುಗ ತನ್ನ ಅಜ್ಜ ಹೊಳೆ ದಾಟುತ್ತಿದ್ದ ಬಗೆಯನ್ನು ಚೆಂದಾಗಿ ಬರೆದಿದ್ದ. ಚಿಕ್ಕದಾಗಿರಲಿ ಎಂದು ಅದನ್ನು ನಾನು ತೆಗೆಸಿಬಿಟ್ಟೆ. ಅವನ ಮುಖ ಸಪ್ಪಗಾಯಿತು. ಮರುದಿನ "ಹಿಂದೆ ಹೊಳೆ ದಾಟುತ್ತಿದ್ದುದು ಹೇಗೆ?" ಎಂಬ ಶೀರ್ಷಿಕೆಯ ಕೆಳಗೆ ಅದನ್ನು ಮತ್ತೆ ಸೇರಿಸಿದೆವು. ಸಂಕ್ಷಿಪ್ತವಾಗಿ ಬರೆಯುವುದೆಂದರೆ ಸ್ಥಳೀಯ ಅನುಭವವನ್ನು ಅಳಿಸುವುದಲ್ಲ, ಅದಕ್ಕೆ ತಕ್ಕ ಜಾಗ ಕೊಡುವುದು. ಇದನ್ನು ನನಗೆ ಕಲಿಸಿದ್ದು ಆ ಹುಡುಗ.