ಬಿಳಿ ದೀಪವೇ ತಗೋ, ಮಗಾ

ಮಳವಳ್ಳಿ



ಮದ್ದೂರಿನ ಮನೆಯ ಒಳಕೋಣೆಯಲ್ಲಿ ರ‍್ಯಾಕು ನಿಲ್ಲಿಸಿ ಸೊಪ್ಪು ಬೆಳೆಯಬೇಕೆಂದಿದ್ದೀಯ. ನೇರಳೆ ಬಣ್ಣದ ಎಲ್‌ಇಡಿ ತರಲೋ ಬಿಳಿಯದೋ ಎಂದು ಕೇಳಿದ್ದೀಯ. ಬಿಳಿಯದೇ ತಗೋ.

ಎಲೆ ಕೆಂಪು, ನೀಲಿ ಬೆಳಕನ್ನು ಹೆಚ್ಚು ಹೀರುತ್ತದೆ ಎಂಬ ಲೆಕ್ಕದ ಮೇಲೆ ನೇರಳೆ ದೀಪ ಬಂತು. ಹಾಗೆಂದು ಹಸಿರು ಬೆಳಕು ದಂಡವಲ್ಲ ಕಣಪ್ಪ, ಅದು ಮೇಲಿನ ಎಲೆ ದಾಟಿ ಕೆಳಗಿನ ಎಲೆಗೂ ಇಳಿಯುತ್ತದೆ. 400ರಿಂದ 700 ನ್ಯಾನೊಮೀಟರಿನ ನಡುವಿನ ಎಲ್ಲ ಬಣ್ಣವೂ ಗಿಡಕ್ಕೆ ಆಹಾರವೇ ಎಂದು 22 ಬೆಳೆಗಳ ಎಲೆ ಪರೀಕ್ಷಿಸಿ 1972ರಲ್ಲೇ ವಿಜ್ಞಾನಿ ಮೆಕ್‌ಕ್ರೀ ತೋರಿಸಿದ್ದರು. ಬಿಳಿ ಎಲ್‌ಇಡಿಯೊಳಗೆ ಹುಟ್ಟುವುದು ನೀಲಿ ಬೆಳಕು. ಮೇಲಿನ ಫಾಸ್ಫರ್ ಲೇಪ ಅದರಲ್ಲಿ ಒಂದಷ್ಟನ್ನು ಹಸಿರು, ಹಳದಿ, ಕೆಂಪಾಗಿಸುತ್ತದೆ. 6500 ಕೆಲ್ವಿನ್ನಿನ ದೀಪದಲ್ಲಿ ನೀಲಿ ಹೆಚ್ಚು, ಸಸಿ ಗಿಡ್ಡಗೆ ಗಟ್ಟಿಯಾಗುತ್ತದೆ. 3000ದ್ದರಲ್ಲಿ ಕೆಂಪು ಹೆಚ್ಚು. ಸೊಪ್ಪಿಗೆ 4000 ಆದೀತು. ಎಲೆ ಹಳದಿಯಾದರೆ, ಹುಳ ಬಿದ್ದರೆ, ಬಿಳಿ ಬೆಳಕಲ್ಲಿ ಕಣ್ಣಿಗೆ ಕಾಣುತ್ತದೆ. ನೇರಳೆಯಲ್ಲಿ ಎಲ್ಲವೂ ಕಪ್ಪು ಕಪ್ಪು.

ಅಂಗಡಿಯಲ್ಲಿ ವ್ಯಾಟು, ಲ್ಯೂಮೆನ್ ಮಾತ್ರ ಕೇಳಿ ಬರಬೇಡ. ಲ್ಯೂಮೆನ್ ಮನುಷ್ಯನ ಕಣ್ಣಿನ ಅಳತೆ. ಒಂದು ಜೂಲ್ ಕರೆಂಟಿಗೆ ಎಷ್ಟು ಮೈಕ್ರೊಮೋಲ್ ಬೆಳಕು ಎಂಬುದು ಗಿಡದ ಅಳತೆ. ಮನೆಯ ಬಲ್ಬು ಸುಮಾರು 1.4 ಕೊಟ್ಟರೆ, ಒಳ್ಳೆಯ ಬಿಳಿ ಗ್ರೋಲೈಟು 2.5 ಕೊಡುತ್ತದೆ. ಒಂದು ಚದರ ಮೀಟರ್ ಎಳೆ ಸೊಪ್ಪಿಗೆ ಸೆಕೆಂಡಿಗೆ 150 ಮೈಕ್ರೊಮೋಲ್ ಇಟ್ಟುಕೋ: ಗ್ರೋಲೈಟಿಗೆ 60 ವ್ಯಾಟ್, ಬಲ್ಬಿಗೆ 107. ದಿನಕ್ಕೆ 14 ಗಂಟೆ ಉರಿಸಿದರೆ ತಿಂಗಳಿಗೆ 25 ಯೂನಿಟ್ಟೋ, 45 ಯೂನಿಟ್ಟೋ? ಲಾಭ ನಷ್ಟ ಅಲ್ಲೇ ತೀರ್ಮಾನ.

1902ರಲ್ಲಿ ನಮ್ಮ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. ಚಿನ್ನ ಆ ಖರ್ಚು ತಾಳಿತು. ನಿನ್ನ ಸೊಪ್ಪು ತಾಳುತ್ತದಾ? ನೆತ್ತಿಯ ಬಿಸಿಲು ಸೆಕೆಂಡಿಗೆ ಸುಮಾರು 2,000 ಮೈಕ್ರೊಮೋಲ್. ಅಷ್ಟನ್ನು ದೀಪದಲ್ಲಿ ಕೊಡಲು ಚದರ ಮೀಟರಿಗೆ 800 ವ್ಯಾಟ್ ಬೇಕು. ಮಂಡ್ಯದ ಮಾರ್ಕೆಟ್ಟಿಗೆ ಬರುವ ದಂಟು, ಕೊತ್ತಂಬರಿ ಪುಕ್ಕಟೆ ಬಿಸಿಲಲ್ಲಿ ಬೆಳೆದದ್ದು, ಅವುಗಳ ಜೊತೆ ಪೈಪೋಟಿಗೆ ಇಳಿಯಬೇಡ. ನಾಟಿಗೆ ಕೊಡುವ ಸಸಿ, ಹೋಟೆಲಿನವರು ಕೇಳುವ ಮೊಳಕೆಸೊಪ್ಪು ಬೆಳೆ. ತಳಿಯ ವಿಚಾರಕ್ಕೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೆ ಹೋಗಿ ಬಾ.

ಮೊದಲು ಒಂದೇ ಅಂತಸ್ತಿಗೆ ದೀಪ ಹಾಕು. ಮಾರಿದ ದುಡ್ಡನ್ನೂ ಮೀಟರಿನ ಯೂನಿಟ್ಟನ್ನೂ ಒಂದೇ ಪುಸ್ತಕದಲ್ಲಿ ಬರೆದಿಡು. ಗಿಟ್ಟಿತು ಅನ್ನಿಸಿದರೆ ಎರಡನೆಯ ಅಂತಸ್ತಿನ ದೀಪ ನಾನು ಕೊಡಿಸುತ್ತೇನೆ.

ನಿನ್ನ ತಾತ